ಎರವಲು ಚಿತ್ರಗಳ ಭಂಡಾರ

ಅನ್ಯರು ತೆಗೆದ ವಿಡಿಯೋವನ್ನು ಕತ್ತರಿಸಿ ಜೋಡಿಸಿ ಹೊಸ ಕೃತಿಯೆಂದು ತೋರುವುದು ಕಳವಲ್ಲವೆ ಎಂದು ವಾಚಕರು ಕೇಳಬಹುದು. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಹರಣವಿಚಾರಕ್ಕೇ ಅಧ್ಯಾಯಗಳನ್ನು ಮೀಸಲಿಟ್ಟು, ತ್ಯಾಜ್ಯವಾದ ಹರಣವನ್ನೂ ಗ್ರಾಹ್ಯವಾದುದನ್ನೂ ವಿಂಗಡಿಸಿರುವನು. ಕವಿಗೆ ಸಲ್ಲುವ ನ್ಯಾಯವು ಚಿತ್ರಕಾರನಿಗೆ ಸಲ್ಲಬೇಡವೆ? ಆದರೆ ಮೂಲವನ್ನರಿಯದೆ ವಿಂಗಡಿಸುವುದೆಂತು?

2008ರಲ್ಲಿ ಅಂತರಜಾಲದಲ್ಲಿ ತೆರೆದ ‘ಪ್ಯಾಡ್.ಮಾ’ ಭಂಡಾರವು ಇದಕ್ಕೆ ಉಪಾಯವನ್ನು ಮಾಡಿದೆ. ಕಟ್ಟಿದವರಲ್ಲಿ ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಮ್ ಒಂದು. ಅಲ್ಲಿ ಮುಗಿದ ಚಿತ್ರಕ್ಕಿಂತ ಕತ್ತರಿ ಮುಟ್ಟದ ದೃಶ್ಯಗಳೇ ಮುಖ್ಯ. ಅವುಗಳಿಗೆ, ನಮ್ಮ ಗ್ರಂಥಗಳಿಗಿದ್ದಂತೆ, ಹೆಜ್ಜೆಹೆಜ್ಜೆಗೂ ಟಿಪ್ಪಣಿ. ಲಾಭೋದ್ದೇಶವಿಲ್ಲದವರು ಇಳಿಸಿಕೊಳ್ಳಬಹುದು.

ಕೋಲಾರದ ಚಿನ್ನದ ಗಣಿಯು 2001ರಲ್ಲಿ ಮುಚ್ಚಿತು. ಆ ಕಾಲದ ಕ್ಯಾಸೆಟ್ಟುಗಳು ಮನೆಯಲ್ಲಿಯೇ ಬೂಷ್ಟು ಹಿಡಿದರೆ ಎರವಲಿಗೂ ಮೂಲವುಳಿಯದು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಗೃಹಸ್ಥರು ಪೆಟ್ಟಿಗೆಗಳನ್ನು ತೆರೆದು ನೋಡಲಿ. ಸಿಕ್ಕಿದವುಗಳ ಮೇಲೆ ಊರು, ವರ್ಷ, ತೆಗೆದವರ ಹೆಸರುಗಳನ್ನು ಬರೆದಿಡಲಿ.