ಮೆದುಳಿನ ವಿದ್ಯೆ ಯಾರ ಸೊತ್ತು?

ಗಿರಣಿ ಕಾರ್ಮಿಕನ ಮಗಳೊಬ್ಬಳು ‘ನಾನು ನರವಿಜ್ಞಾನ ಓದುತ್ತೇನೆ’ ಎಂದರೆ ಊರಿನ ದೊಡ್ಡ ಮನುಷ್ಯರಿಂದ ಎರಡು ಬಗೆಯ ಉತ್ತರ ಬರುತ್ತದೆ. ಒಬ್ಬರು ‘ಅದೆಲ್ಲ ನಮ್ಮಂಥವರಿಗಲ್ಲಮ್ಮ, ಐ.ಟಿ.ಐ. ಮುಗಿಸಿ ಬೇಗ ಕೆಲಸಕ್ಕೆ ಸೇರು’ ಎನ್ನುತ್ತಾರೆ. ಇನ್ನೊಬ್ಬರು, ಹೊಳೆಯುವ ಕಾಗದದ ಪುಸ್ತಿಕೆ ಹಿಡಿದು ಬಂದವರು, ‘ನಿಮ್ಮಪ್ಪನಿಗೆ ಹೇಳಿ ಮನೆ ಅಡವಿಡಿಸು, ಪರದೇಶದಲ್ಲಿ ಸೀಟು ಕೊಡಿಸುತ್ತೇವೆ’ ಎನ್ನುತ್ತಾರೆ. ಮೊದಲನೆಯವರು ಬಡವರ ಆಸೆಯನ್ನು ಚಿವುಟುವವರು. ಎರಡನೆಯವರು ಅದನ್ನು ಮಾರಿಕೊಂಡು ತಿನ್ನುವವರು. ಆದರೆ ಒಂದು ಮಾತಿನಲ್ಲಿ ಇಬ್ಬರಿಗೂ ಒಮ್ಮತವಿದೆ: ಈ ವಿದ್ಯೆ ಹಣವುಳ್ಳವರ ಸೊತ್ತು. ಆ ಮಾತನ್ನು ನಾವು ಒಪ್ಪುವುದಿಲ್ಲ.

ಏನಿದು ಈ ವಿದ್ಯೆ? ಮನುಷ್ಯನ ತಲೆಯೊಳಗಿರುವ, ಒಂದೂಕಾಲು ಒಂದೂವರೆ ಕಿಲೋ ತೂಗುವ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಅತಿ ಸಣ್ಣ ವಿದ್ಯುತ್ತಿನಿಂದಲೂ ರಾಸಾಯನಿಕಗಳಿಂದಲೂ ಒಂದರೊಡನೊಂದು ಮಾತಾಡುತ್ತವೆ. ನೋವು, ನೆನಪು, ಸಿಟ್ಟು, ಕೈಕಾಲಿನ ಚಲನೆ ಎಲ್ಲವೂ ಆ ಮಾತುಕತೆಯ ಫಲ. ಇದನ್ನು ತಿಳಿಯಲು ಭೌತಶಾಸ್ತ್ರ ಬೇಕು, ರಸಾಯನಶಾಸ್ತ್ರ ಬೇಕು, ಜೀವಶಾಸ್ತ್ರ, ಗಣಿತ, ಮನಶ್ಶಾಸ್ತ್ರಗಳೂ ಬೇಕು. ಇವನ್ನೆಲ್ಲ ಒಂದುಗೂಡಿಸಿ ಪದವಿ ತರಗತಿಯಲ್ಲೇ ಕಲಿಸುವ ಪದ್ಧತಿ ಹಳೆಯದೇನೂ ಅಲ್ಲ. ಅಮೆರಿಕದ ಆಮ್‌ಹರ್ಸ್ಟ್ ಕಾಲೇಜು ಇದನ್ನು ಆರಂಭಿಸಿದ್ದು 1973ರಲ್ಲಿ. ನಮ್ಮಲ್ಲಿ ಇದು ಇಂದಿಗೂ ಬಹುಮಟ್ಟಿಗೆ ಎಂ.ಎಸ್‌ಸಿ., ಪಿಎಚ್.ಡಿ.ಗಳ ಮಟ್ಟದಲ್ಲೇ ನಿಂತಿದೆ.

‘ದುಡಿದು ತಿನ್ನುವವನಿಗೆ ಇದರಿಂದ ಏನಾಗಬೇಕು?’ ಎಂದು ಕೇಳುವವರಿಗೆ ನಮ್ಮ ಉತ್ತರ ಇದು. ರೇಯಾನ್ ನೂಲು ತಯಾರಿಸಲು ಬಳಸುವ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದ ಆವಿ ದುಡಿಮೆಗಾರನ ನರಗಳನ್ನು ಕೆಡಿಸುತ್ತದೆ, ಕೈಕಾಲು ಜೋಮು ಹಿಡಿಸುತ್ತದೆ, ಬುದ್ಧಿಯನ್ನೂ ಕದಡುತ್ತದೆ. ಪ್ಯಾರಿಸ್ಸಿನ ರಬ್ಬರ್ ಕೆಲಸಗಾರರಲ್ಲಿ ಈ ರೋಗವನ್ನು ಡೆಲ್ಪೆಕ್ ಎಂಬ ವೈದ್ಯ 1856ರಲ್ಲೇ ವರ್ಣಿಸಿದ್ದ. ಹಳೆಯ ಅಚ್ಚುಕೂಟಗಳ ಮೊಳೆಗಳಲ್ಲೂ ಬ್ಯಾಟರಿಯಲ್ಲೂ ಇರುವ ಸೀಸ ಮಕ್ಕಳ ಮೆದುಳಿಗೆ ವಿಷ. ಪೆಟ್ರೋಲಿನಿಂದ ಅದನ್ನು ನಮ್ಮ ದೇಶ ಹೊರಗೆ ಹಾಕಿದ್ದು 2000ದಲ್ಲಿ. ಹೊಲಕ್ಕೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಔಷಧಿಗಳು ಹುಳುವನ್ನು ಕೊಲ್ಲುವುದೂ, ಕೂಲಿಯಾಳನ್ನು ಕೆಡಹುವುದೂ ಒಂದೇ ದಾರಿಯಿಂದ: ನರವು ಸ್ನಾಯುವಿಗೆ ಕೊಟ್ಟ ಅಪ್ಪಣೆಯನ್ನು ಅಳಿಸಿಹಾಕುವ ಕಿಣ್ವವನ್ನೇ ಅವು ಕಟ್ಟಿಹಾಕುತ್ತವೆ. ಫಿಟ್ಸ್ ಬಂದು ಬಿದ್ದವನ ಕೈಗೆ ಇಂದಿಗೂ ಬೀಗದ ಕೈ ತುರುಕುವ ಜನ ನಾವು. ಆ ರೋಗಕ್ಕೆ ಅಗ್ಗದ ಮಾತ್ರೆ ಬಂದು ನೂರು ವರ್ಷ ಮೀರಿತು.

ಹೀಗಿರುವಾಗ, ವಿಷ ಕುಡಿಯುವವರು ಒಂದು ವರ್ಗ, ವಿಷದ ವಿದ್ಯೆ ಕಲಿಯುವವರು ಇನ್ನೊಂದು ವರ್ಗ ಎಂದರೆ ಇದು ಯಾವ ನ್ಯಾಯ? ಕಾರ್ಖಾನೆಯ ಗಾಳಿಯನ್ನು ಅಳೆಯುವವನು, ಅದರ ವರದಿ ಬರೆಯುವವನು, ಆ ವರದಿಯನ್ನು ಓದಿ ‘ಏನೂ ತೊಂದರೆಯಿಲ್ಲ’ ಎಂದು ಸಹಿ ಹಾಕುವವನು ಎಲ್ಲರೂ ಧಣಿಗಳ ಮನೆಯ ಮಕ್ಕಳೇ ಆದರೆ ಆ ಸಹಿಯನ್ನು ಪ್ರಶ್ನಿಸಲು ನಮ್ಮ ಕಡೆ ಯಾರಿದ್ದಾರೆ?

ಈ ವಿದ್ಯೆಯ ಮನೆಗಳನ್ನು ಕಟ್ಟಿದವರು ಯಾರೆಂಬುದನ್ನೂ ನೆನೆಯೋಣ. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಟಾಟಾ ಹಣ ಕೊಟ್ಟದ್ದು ನಿಜ. ಆದರೆ 371 ಎಕರೆ ಭೂಮಿ ಕೊಟ್ಟದ್ದು ಮೈಸೂರು ಸಂಸ್ಥಾನ, ಎಂದರೆ ರೈತರ ಕಂದಾಯ. ನಿಮ್ಹಾನ್ಸ್ ಮೊದಲು ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆ. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದಿತು. 1974ರಲ್ಲಿ ಎರಡೂ ಕೂಡಿ ಇಂದಿನ ಹೆಸರಾಯಿತು. ಅಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಅಪಘಾತದಲ್ಲಿಯೂ ರೋಗದಿಂದಲೂ ಮಡಿದವರ ಮೆದುಳನ್ನು ಮನೆಯವರ ಒಪ್ಪಿಗೆ ಪಡೆದು ಸಂಶೋಧನೆಗಾಗಿ ಕಾದಿಡುತ್ತಾರೆ. ರಸ್ತೆಯಲ್ಲಿ ಸಾಯುವವರು ಯಾರು? ಸೈಕಲ್ಲಿನವರು, ಬೈಕಿನವರು, ನಡೆದು ಹೋಗುವವರು. ಬಡವನ ಮೆದುಳಿಗೆ ಅಲ್ಲಿ ಗೌರವದ ಸ್ಥಳವಿದೆ, ಸಂತೋಷ. ಆ ಮೆದುಳು ಬದುಕಿರುವಾಗಲೇ ವಿದ್ಯಾರ್ಥಿಯಾಗಿ ಒಳಗೆ ಹೋಗಬೇಕೆಂದರೆ ದಾರಿ ಎಲ್ಲಿದೆ?

ಟಾಟಾ ಇನ್‌ಸ್ಟಿಟ್ಯೂಟು 2011ರಲ್ಲಿ ನಾಲ್ಕು ವರ್ಷದ ಪದವಿ ತರಗತಿ ತೆರೆಯಿತು. ಅದಕ್ಕೆ ಸೇರಬೇಕಾದರೆ ಜೆ.ಇ.ಇ. ಮುಂತಾದ ಅಖಿಲ ಭಾರತ ಪರೀಕ್ಷೆಗಳನ್ನು ದಾಟಬೇಕು. ಜೆ.ಇ.ಇ. ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ಅದರ ಮೇಲಿನ ಅಡ್ವಾನ್ಸ್ಡ್ ಪರೀಕ್ಷೆಗೆ ಇಂಗ್ಲಿಷು, ಹಿಂದಿ ಎರಡೇ. ಮೊದಲ ಮೆಟ್ಟಿಲಲ್ಲಿ ‘ಬಾ’ ಎಂದು ಕರೆದು ಎರಡನೆಯ ಮೆಟ್ಟಿಲಲ್ಲಿ ಕದ ಹಾಕಿದಂತಾಯಿತು. ಅತ್ತ ಪಿ.ಯು. ವಿಜ್ಞಾನಕ್ಕೆ ಬಂದೊಡನೆ ನಮ್ಮ ಬಹುತೇಕ ಕಾಲೇಜುಗಳಲ್ಲಿ ಕನ್ನಡವೇ ಮಾಯ. ಹತ್ತು ವರ್ಷ ಒಂದು ಭಾಷೆಯಲ್ಲಿ ಯೋಚಿಸಲು ಕಲಿತ ಹುಡುಗಿಗೆ ಹನ್ನೊಂದನೆಯ ವರ್ಷ ನಾಲಗೆಯನ್ನೇ ಬದಲಿಸೆಂದರೆ, ಅವಳು ಸೋಲುವುದು ವಿಜ್ಞಾನದಲ್ಲಲ್ಲ, ಇಂಗ್ಲಿಷಿನಲ್ಲಿ.

‘ವಿಜ್ಞಾನ ಇಂಗ್ಲಿಷಿಲ್ಲದೆ ಹುಟ್ಟುವುದೇ?’ ಎಂದು ಪಂಡಿತರು ಕೇಳುತ್ತಾರೆ. ಈ ವಿದ್ಯೆ ಹುಟ್ಟಿದ್ದೇ ಇಂಗ್ಲಿಷಿಲ್ಲದೆ ಸ್ವಾಮಿ! ಇಟಲಿಯ ಗಾಲ್ಜಿ ನರಕೋಶಕ್ಕೆ ಕಪ್ಪು ಬಣ್ಣ ಹಿಡಿಸುವ ಉಪಾಯವನ್ನು 1873ರಲ್ಲಿ ಪ್ರಕಟಿಸಿದ. ಅವನ ಪ್ರಯೋಗಶಾಲೆ ಒಂದು ಸಣ್ಣ ಊರಿನ ಆಸ್ಪತ್ರೆಯ ಅಡಿಗೆಮನೆ. ಸ್ಪೇನಿನ ಕಾಹಾಲ್ ಹಳ್ಳಿಯ ವೈದ್ಯನ ಮಗ. ತುಂಟತನ ತಡೆಯಲಾರದೆ ಅಪ್ಪ ಅವನನ್ನು ಕ್ಷೌರಿಕನ ಬಳಿಯೂ ಜೋಡು ಹೊಲಿಯುವವನ ಬಳಿಯೂ ಕೆಲಸಕ್ಕೆ ಹಾಕಿದ್ದ. 1888ರಲ್ಲಿ ಬಾರ್ಸಿಲೋನಾದಲ್ಲಿ ಸ್ವಂತ ಖರ್ಚಿನಿಂದ ಸ್ಪ್ಯಾನಿಷ್ ಭಾಷೆಯಲ್ಲಿ ಪುಟ್ಟ ಪತ್ರಿಕೆಯೊಂದನ್ನು ಅಚ್ಚು ಹಾಕಿಸಿ, ನರಕೋಶಗಳು ಒಂದಕ್ಕೊಂದು ಬೆಸೆದ ಬಲೆಯಲ್ಲ, ಬಿಡಿಬಿಡಿಯಾದ ಘಟಕಗಳು ಎಂದು ತೋರಿಸಿದ. ಮರುವರ್ಷ ಬರ್ಲಿನ್ನಿಗೆ ಹೋಗಿ ದೊಡ್ಡ ಪ್ರೊಫೆಸರುಗಳ ಕಣ್ಣಿಗೇ ಅದನ್ನು ಹಿಡಿದ. 1906ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂದಿತು. ಇಂಗ್ಲಿಷನ್ನು ಕಲಿಯಬೇಡಿ ಎಂದು ನಾವು ಹೇಳುತ್ತಿಲ್ಲ. ಇಂಗ್ಲಿಷು ಬರುವತನಕ ವಿಜ್ಞಾನದ ಬಾಗಿಲ ಹೊರಗೆ ನಿಲ್ಲು ಎನ್ನಕೂಡದು ಎನ್ನುತ್ತೇವೆ.

ಪುಸ್ತಿಕೆ ಹಿಡಿದು ಬರುವವರ ವಿಷಯದಲ್ಲಿ ಅಂಗಡಿ ನಡೆಸುವ ಬಂಧುಗಳು ಎಚ್ಚರದಿಂದಿರಬೇಕು. ಇಂಗ್ಲೆಂಡಿನಲ್ಲಿ 1998ರವರೆಗೆ ಆ ದೇಶದ ಮಕ್ಕಳಿಗೆ ಪದವಿಯ ಬೋಧನಾ ಶುಲ್ಕವೇ ಇರಲಿಲ್ಲ. ಆ ವರ್ಷ 1,000 ಪೌಂಡಾಯಿತು, 2012ರಲ್ಲಿ 9,000ದವರೆಗೆ ಏರಿತು. ಹೊರಗಿನವರಿಗೆ ಇನ್ನೂ ಹೆಚ್ಚು. ಸ್ವಂತ ಮಕ್ಕಳನ್ನೇ ಸಾಲಗಾರರನ್ನಾಗಿ ಮಾಡಿದವರು ನಮ್ಮ ಮಕ್ಕಳನ್ನು ಉದ್ಧಾರ ಮಾಡುವರೆ? ಇನ್ನೊಂದು ಮಾತು: ನರವಿಜ್ಞಾನದ ಬಿ.ಎಸ್‌ಸಿ. ಮಾಡಿದವನು ನರರೋಗದ ಡಾಕ್ಟರಾಗುವುದಿಲ್ಲ. ಅದಕ್ಕೆ ಎಂ.ಬಿ.ಬಿ.ಎಸ್. ದಾರಿಯೇ ಬೇರೆ. ಸಂಶೋಧನೆಗೆ ಹೋಗಬೇಕಾದರೆ ಮುಂದೆ ಇನ್ನೂ ಓದಬೇಕು. ಇದನ್ನು ಮುಚ್ಚಿಟ್ಟು ಸೀಟು ಮಾರುವವನು ವ್ಯಾಪಾರಿಯಲ್ಲ, ಮೋಸಗಾರ. ತೂಕದಲ್ಲಿ ಮೋಸ ಮಾಡದೆ ಬಾಳುವ ಸಣ್ಣ ವ್ಯಾಪಾರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಹಾಗಾದರೆ ಏನು ಮಾಡಬೇಕು? ನಮ್ಮ ರಾಜ್ಯದಲ್ಲಿ 2021ರಲ್ಲಿ ಪದವಿ ನಾಲ್ಕು ವರ್ಷ ಎಂದರು, 2024ರಲ್ಲಿ ಮತ್ತೆ ಮೂರು ಎಂದರು. ವರ್ಷ ಎಣಿಸಿದ್ದು ಸಾಕು. ಒಳಗೆ ಏನು ಕಲಿಸುತ್ತೀರಿ ಎಂಬುದನ್ನು ಹೇಳಿ. ಜಿಲ್ಲಾ ಕೇಂದ್ರದ ಸರಕಾರಿ ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ಭೌತಶಾಸ್ತ್ರ, ಮನಶ್ಶಾಸ್ತ್ರಗಳನ್ನು ಜೊತೆಯಾಗಿ ಓದುವ ಅವಕಾಶ ಬೇಕು. ಅವುಗಳೊಡನೆ ನರವಿಜ್ಞಾನದ ಒಂದು ಪಾಠ ಬೇಕು. ಕನ್ನಡದಲ್ಲಿ ಪಠ್ಯಪುಸ್ತಕ ಬೇಕು. ಪ್ರವೇಶ ಪರೀಕ್ಷೆಗಳು ಮೇಲಿನ ಮೆಟ್ಟಿಲಿನವರೆಗೂ ಕನ್ನಡದಲ್ಲಿ ನಡೆಯಬೇಕು. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಬೇಕು. ಹಣವಿಲ್ಲ ಎಂಬ ಹಳೆಯ ರಾಗ ಬೇಡ. ಜಿರಲೆಯ ಕಾಲಿನ ನರದಲ್ಲಿ ಹರಿಯುವ ವಿದ್ಯುತ್ತನ್ನು ಸಣ್ಣದೊಂದು ಆಂಪ್ಲಿಫೈಯರಿನಿಂದ ಕಿವಿಗೆ ಕೇಳಿಸಬಹುದು. ನಮ್ಮೂರಿನ ರೇಡಿಯೋ ರಿಪೇರಿಯವನು ಅಂಥದನ್ನು ಕಟ್ಟಿಕೊಡಬಲ್ಲ. ಜಿರಲೆಗಂತೂ ನಮ್ಮ ವಠಾರಗಳಲ್ಲಿ ಬರಗಾಲವಿಲ್ಲ!

ಬೋನಸ್ಸಿಗಾಗಿ, ತುಟ್ಟಿಭತ್ಯಕ್ಕಾಗಿ ಗೇಟಿನ ಮುಂದೆ ನಿಲ್ಲಲು ನಾವು ಕಲಿತಿದ್ದೇವೆ. ಇನ್ನು ಮಕ್ಕಳ ಓದಿಗಾಗಿಯೂ ನಿಲ್ಲಬೇಕು. ಯೂನಿಯನ್ನಿನ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕಾಲೇಜಿನ ಪ್ರಯೋಗಶಾಲೆಯೂ ಇರಲಿ. ವೋಟು ಕೇಳಲು ಬರುವವರನ್ನು ಅಂಗಡಿ ಕಟ್ಟೆಯ ಮೇಲೆ ಕೂಡಿಸಿ ಇದನ್ನೇ ಕೇಳಿ. ನಮ್ಮ ಕೈಗಳ ದುಡಿಮೆ ಬೇಕು, ನಮ್ಮ ಮಕ್ಕಳ ಮೆದುಳು ಬೇಡ ಎನ್ನುವ ವ್ಯವಸ್ಥೆಗೆ ನಮ್ಮ ವೋಟು ಇಲ್ಲವೆಂದು ಮುಖಕ್ಕೇ ಹೇಳಿ.