ನಾಯಿಯ ಕಾಯಿಲೆ, ಗೋಮಾಳದ ಲೆಕ್ಕ

ನಮ್ಮ ಮನೆಯ ನಾಯಿ ಚಿನ್ನಿಗೆ ಒಂಬತ್ತು ವರ್ಷ. ಕಳೆದ ವರ್ಷ ಹತ್ತು ತಿಂಗಳ ಅವಧಿಯಲ್ಲಿ ಅದಕ್ಕೆ ನಾಲ್ಕು ಬಾರಿ ಮೂತ್ರದ ಸೋಂಕು ತಗುಲಿತು. ಪ್ರತಿ ಸಲವೂ ಅದೇ ಲಕ್ಷಣ: ಹತ್ತು ಹೆಜ್ಜೆಗೊಮ್ಮೆ ಕುಳಿತು ತಿಣುಕುವುದು, ಬರುವುದು ನಾಲ್ಕೇ ಹನಿ, ಅದರಲ್ಲೂ ರಕ್ತದ ಛಾಯೆ. ಎಂದೂ ಮನೆಯೊಳಗೆ ಗಲೀಜು ಮಾಡದ ಪ್ರಾಣಿ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡು, ತಪ್ಪು ಮಾಡಿದವರಂತೆ ಮೂಲೆ ಸೇರುತ್ತಿತ್ತು.

ಮೊದಲ ಸಲ ಪಶುವೈದ್ಯರು ಏಳು ದಿನಗಳ ಆ್ಯಂಟಿಬಯಾಟಿಕ್ ಬರೆದುಕೊಟ್ಟರು, ಗುಣವಾಯಿತು. ಎರಡನೆಯ ಸಲವೂ ಅದೇ ಮಾತ್ರೆ. ಮೂರನೆಯ ಸಲ ನಾನು ವೈದ್ಯರ ಬಳಿಗೇ ಹೋಗಲಿಲ್ಲ. ಹಳೆಯ ಚೀಟಿ ಹಿಡಿದು ಬಡಾವಣೆಯ ಔಷಧ ಅಂಗಡಿಗೆ ಹೋದೆ. ಅಂಗಡಿಯವರು ಚೀಟಿಯನ್ನು ಬಿಡಿಸಿಯೂ ನೋಡದೆ ಮಾತ್ರೆ ಕೊಟ್ಟರು. ಮೂರು ದಿನಕ್ಕೆ ನಾಯಿ ಚೇತರಿಸಿಕೊಂಡಂತೆ ಕಂಡಿದ್ದರಿಂದ ಉಳಿದದ್ದನ್ನು ಬೀರುವಿನಲ್ಲಿಟ್ಟೆ. ನಾಲ್ಕು ದಶಕ ಸರ್ಕಾರದ ನಿಯಮಗಳನ್ನು ಪಾಲಿಸಿದ, ಪಾಲಿಸುವಂತೆ ಇತರರಿಗೆ ನೋಟಿಸು ಕೊಟ್ಟ ಮನುಷ್ಯನ ನಡವಳಿಕೆ ಇದು.

ನಾಲ್ಕನೆಯ ಸಲ ಔಷಧ ನಾಟಲಿಲ್ಲ. ಬೇರೊಬ್ಬ ವೈದ್ಯೆಯ ಬಳಿ ಹೋದಾಗ ಆಕೆ ಕೇಳಿದ ಮೊದಲ ಪ್ರಶ್ನೆ, ‘ಕಲ್ಚರ್ ಮಾಡಿಸಿದ್ದೀರಾ ಸರ್?’ ನೆಲಕ್ಕೆ ಬಿದ್ದ ಮೂತ್ರದಲ್ಲಿ ನೆಲದ ಬ್ಯಾಕ್ಟೀರಿಯಾಗಳೂ ಸೇರಿರುವುದರಿಂದ, ಹೊಟ್ಟೆಯ ಮೂಲಕ ಸಣ್ಣ ಸೂಜಿ ಇಳಿಸಿ ಮೂತ್ರಕೋಶದಿಂದಲೇ ಮಾದರಿ ತೆಗೆದರು. ಮೂರು ದಿನಗಳ ನಂತರ ಬಂದ ವರದಿಯಲ್ಲಿ ಈ. ಕೋಲಿ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು. ಅದರ ಕೆಳಗೆ ಯಾವ ಔಷಧಕ್ಕೆ ಅದು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಪಟ್ಟಿ. ನಾನು ಮೂರು ಸಲ ತಿನ್ನಿಸಿದ ಔಷಧ ‘ಬಗ್ಗುವುದಿಲ್ಲ’ದ ಸಾಲಿನಲ್ಲಿತ್ತು. ಸ್ಕ್ಯಾನಿಂಗ್ ಮಾಡಿದಾಗ ಮೂತ್ರಕೋಶದಲ್ಲಿ ಎರಡು ಕಲ್ಲುಗಳು ಕಂಡವು. ಕಲ್ಲಿನಲ್ಲಿ ಆಶ್ರಯ ಪಡೆದ ಸೋಂಕು ಮಾತ್ರೆಗೆ ಹಿಂಜರಿದು, ಮಾತ್ರೆ ನಿಂತೊಡನೆ ಮತ್ತೆ ತಲೆಯೆತ್ತುತ್ತದೆಯಂತೆ. ಮತ್ತೆ ಮತ್ತೆ ಬರುವ ಸೋಂಕಿನ ಹಿಂದೆ ಕಲ್ಲು, ಮಧುಮೇಹ, ಮೂತ್ರಪಿಂಡದ ತೊಂದರೆ ಇವುಗಳಲ್ಲಿ ಯಾವುದಾದರೊಂದು ಇರುವ ಸಂಭವ ಹೆಚ್ಚು. ಅದನ್ನು ಹುಡುಕದೆ ಮಾತ್ರೆ ನುಂಗಿಸುವುದು ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು ಕೂತಂತೆ.

ಪರೀಕ್ಷೆಗೆ ತಗುಲಿದ ವೆಚ್ಚ ಸಾವಿರದ ಇನ್ನೂರು ರೂಪಾಯಿ. ಅರ್ಥಶಾಸ್ತ್ರ ಓದಿದ ನಾನು ಅದನ್ನು ಉಳಿಸಲು ಹೋಗಿ ಶಸ್ತ್ರಚಿಕಿತ್ಸೆಯನ್ನು ಹತ್ತು ತಿಂಗಳು ತಡಮಾಡಿದೆ. ಆದರೆ ಇಲ್ಲಿ ನನ್ನ ನಷ್ಟ ಗೌಣ. ಮಾತ್ರೆಯ ಬೆಲೆಯನ್ನು ನಾನು ತೆತ್ತೆ. ಆ ಮಾತ್ರೆ ನಾಟದಂತಾಗುವುದರ ಬೆಲೆಯನ್ನು ಯಾರೋ ತೆರುತ್ತಾರೆ.

ಉಪವಿಭಾಗಾಧಿಕಾರಿಯಾಗಿದ್ದ ದಿನಗಳಲ್ಲಿ ಗೋಮಾಳ ಒತ್ತುವರಿಯ ಕಡತಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಹುಲ್ಲುಗಾವಲು ಕಾದಿರಿಸಬೇಕೆಂದು ಭೂಕಂದಾಯ ನಿಯಮವಿದೆ. ಅಂಚಿನ ಹೊಲದವನು ಪ್ರತಿ ವರ್ಷ ನೇಗಿಲನ್ನು ನಾಲ್ಕು ಸಾಲು ಮುಂದಕ್ಕೆ ಒಯ್ಯುತ್ತಾನೆ. ಅವನನ್ನು ಕೇಳಿದರೆ, ‘ನಾಲ್ಕು ಸಾಲಿನಿಂದ ಊರ ದನಕ್ಕೇನು ಕಮ್ಮಿಯಾಗ್ತದೆ ಸ್ವಾಮಿ?’ ಎನ್ನುತ್ತಾನೆ. ಎಲ್ಲರೂ ಹಾಗೆಯೇ ಅಂದು, ಕೊನೆಗೆ ಸರ್ವೆ ನಕ್ಷೆಯಲ್ಲಿ ಮಾತ್ರ ಗೋಮಾಳ ಉಳಿದಿರುತ್ತದೆ. ಆ್ಯಂಟಿಬಯಾಟಿಕ್‌ಗಳ ಶಕ್ತಿಯೂ ಅಂಥ ಊರೊಟ್ಟಿನ ಆಸ್ತಿ. ಅದರಲ್ಲಿ ನಾನೂ ಬಗರ್‌ಹುಕುಂ ಸಾಗುವಳಿ ಮಾಡಿದ್ದೆ. ‘ಲ್ಯಾನ್ಸೆಟ್’ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸಂಭವಿಸಿದ ಸಾವುಗಳು ಸುಮಾರು 12.7 ಲಕ್ಷ.

ಮನುಷ್ಯರಿಗೇ ಚಿಕಿತ್ಸೆ ದೊರೆಯದಿರುವಾಗ ನಾಯಿಯ ಮೂತ್ರ ಪರೀಕ್ಷೆಯ ಮಾತೇಕೆ ಎಂದು ಕೆಲವರು ಕೇಳಬಹುದು. ನಾಯಿಗೆ ಕೊಡುವ ಔಷಧಗಳಲ್ಲಿ ಹೆಚ್ಚಿನವು ನಮಗೂ ಕೊಡುವಂಥವೇ. ಒಂದೇ ಮನೆಯ ನಾಯಿಯಲ್ಲಿಯೂ ಮನುಷ್ಯರಲ್ಲಿಯೂ ಒಂದೇ ತಳಿಯ ಈ. ಕೋಲಿ ಇರುವುದನ್ನು ಹಲವು ದೇಶಗಳ ಅಧ್ಯಯನಗಳು ದಾಖಲಿಸಿವೆ. ಚಿನ್ನಿ ನನ್ನ ಮೊಮ್ಮಗಳ ಕೈ ನೆಕ್ಕುತ್ತದೆ.

ಕಾನೂನಿಗೇನೂ ಕೊರತೆಯಿಲ್ಲ. ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಗಳಿಗಾದರೆ ಅಂಗಡಿಯವರು ಪ್ರತ್ಯೇಕ ವಹಿ ಬರೆದು ಮೂರು ವರ್ಷ ಕಾಪಾಡಬೇಕು. ಕೋಳಿ ಸಾಕಣೆಯಲ್ಲಿ ಬಳಕೆಯಾಗುತ್ತಿದ್ದ ಕೊಲಿಸ್ಟಿನ್ ಅನ್ನು ಕೇಂದ್ರ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿತು. ನಿಯಮವನ್ನು ಪಾಲಿಸುವುದಕ್ಕಿಂತ ಮುರಿಯುವುದೇ ಅಗ್ಗವಾಗಿರುವವರೆಗೆ ವಹಿಗಳಿಂದ ಆಗುವುದು ಅಷ್ಟಕ್ಕಷ್ಟೆ. ಆದ್ದರಿಂದ ಅಗ್ಗವಾಗಬೇಕಾದುದು ಪರೀಕ್ಷೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳ ಪ್ರಯೋಗಾಲಯಗಳಿಗೆ ನಗರದ ಖಾಸಗಿ ಚಿಕಿತ್ಸಾಲಯಗಳಿಂದ ದಿನವೂ ಮಾದರಿ ಒಯ್ಯುವ ಏರ್ಪಾಟು ಮಾಡಿ, ಶುಲ್ಕದ ಅರ್ಧವನ್ನು ಸರ್ಕಾರ ಭರಿಸಲಿ. ಆ ಬಳಿಕ, ಎರಡನೆಯ ಸಲ ಬಂದ ಸೋಂಕಿಗೆ ಕಲ್ಚರ್ ಇಲ್ಲದೆ ಆ್ಯಂಟಿಬಯಾಟಿಕ್ ಬರೆಯಬಾರದೆಂಬ ನಿಯಮವನ್ನು ನಗರಗಳಲ್ಲಿ ಮೊದಲು ತರಬಹುದು. ಒಂದೇ ಎಮ್ಮೆಯನ್ನು ನಂಬಿ ಬದುಕುವ, ಪ್ರಯೋಗಾಲಯದಿಂದ ಅರವತ್ತು ಮೈಲಿ ದೂರವಿರುವ ರೈತನ ಮೇಲೆ ಈಗಲೇ ಅದನ್ನು ಹೇರುವುದು ಕ್ರೌರ್ಯವಾದೀತು.

ಕಲ್ಲು ತೆಗೆಸಿದ ಮೇಲೆ, ವರದಿ ಹೇಳಿದ ಔಷಧ ಮುಗಿಸಿ ಚಿನ್ನಿ ಆರಾಮವಾಗಿದೆ. ದಿನಕ್ಕೆ ಎರಡು ಸಲ ಹೊರಗೆ ಒಯ್ಯುತ್ತಿದ್ದವನು ಈಗ ನಾಲ್ಕು ಸಲ ಒಯ್ಯುತ್ತೇನೆ. ಅಷ್ಟರ ಮಟ್ಟಿಗೆ ನನ್ನ ಆರೋಗ್ಯವೂ ಸುಧಾರಿಸಿದೆ. ಲಕ್ಷಣಗಳಿಲ್ಲದೆ ಬರೀ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧ ಕೊಡುವುದಿಲ್ಲವೆಂದು ವೈದ್ಯೆ ಮೊದಲೇ ಹೇಳಿದ್ದಾರೆ. ಬೀರುವಿನಲ್ಲಿ ಉಳಿದ ಮಾತ್ರೆಗಳನ್ನು ಹಿಂದಿರುಗಿಸಲು ಅದೇ ಅಂಗಡಿಗೆ ಹೋದೆ. ‘ಇಟ್ಟುಕೊಳ್ಳಿ ಸರ್, ಬೇಕಾಗ್ತದೆ’ ಎಂದರು.