ಕ್ರೈಸ್ತ ಸಭೆಗಳ ಏಕೀಕರಣ

ಎರಡು ಸಭೆಗಳು ಒಂದಾಗಿ, ಒಂದೇ ಆಡಳಿತದ ಕೆಳಗೆ ನಾಲ್ಕಾರು ಸ್ಥಳಗಳಲ್ಲಿ ಆರಾಧನೆಯನ್ನು ನಡೆಯಿಸಿಕೊಂಡು ಹೋಗುವ ಪದ್ಧತಿಯು ಅಮೇರಿಕೆಯ ಕ್ರೈಸ್ತರಲ್ಲಿ ಈಚೆಗೆ ಬಹಳ ಬಳಕೆಗೆ ಬಂದಿದೆ. ಇದೊಂದು ನೂತನ ಯುಕ್ತಿಯೆಂದು ಅಲ್ಲಿ ಹೇಳಿಕೊಳ್ಳುವವರುಂಟು. ಕನ್ನಡಿಗರಿಗೆ ಇದರಲ್ಲಿ ನೂತನವೇನೂ ಇಲ್ಲ. ಇದಕ್ಕಿಂತ ಬಹು ದೊಡ್ಡದಾದ, ಬಹು ಕಠಿಣವಾದ ಏಕೀಕರಣವೊಂದು ದಕ್ಷಿಣ ಭಾರತದಲ್ಲಿ 1947ರಲ್ಲಿಯೇ ನೆರವೇರಿತು. ಕನ್ನಡ ಸಭೆಗಳೂ ಅದರಲ್ಲಿ ಪಾಲುಗೊಂಡವು. ಇದು ಕ್ರೈಸ್ತರ ಮನೆಯ ಮಾತು, ನಮಗೇಕೆ ಎಂದು ಕೆಲವು ವಾಚಕರು ಕೇಳಬಹುದು. ಕಳೆದು ಕೂಡಿಸುವ ಲೆಕ್ಕಗಳಿಗೆ ಪದೇ ಪದೇ ಗುರಿಯಾದ ಕೋಗಳಿ ನಾಡಿನವರು ಹಾಗೆ ಕೇಳಲಾರರೆಂದು ನಮ್ಮ ನಂಬಿಕೆ. ಏಕೀಕರಣವೆಂದರೆ ಯಾರು ಯಾರನ್ನು ಕೇಳಿ ಮಾಡಿದ್ದು, ಕೂಡಿದ ಮೇಲೆ ಮನೆಯ ಬೀಗದಕೈ ಯಾರ ಕೈಯಲ್ಲಿ ಉಳಿಯಿತು, ಎಂಬ ಪ್ರಶ್ನೆ ಎಲ್ಲರದೂ ಆಗಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿರಿ. ಈ ತಾಲ್ಲೂಕುಗಳೆಲ್ಲ ಅಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬಾತನು 1810ರಲ್ಲಿ ಬಂದು ನೆಲೆಯೂರಿದನು. ಹಡಗಲಿಯ ಗಡಿಯಲ್ಲಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಅದು ಜರ್ಮನ್ ಭಾಷೆಯನ್ನಾಡುವ ಬಾಸೆಲ್ ಮಿಶನ್ನಿನವರ ಕ್ಷೇತ್ರ. ಅವರು 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳವರೆಗೆ ಹರಡಿದರು. ದಕ್ಷಿಣಕ್ಕೆ ಕೂಡ್ಲಿಗಿಯ ಎಲ್ಲೆಯನ್ನು ದಾಟಿ ಚಿತ್ರದುರ್ಗದ ಸೀಮೆಗೆ ಕಾಲಿಟ್ಟರೆ ಮೈಸೂರು ಸಂಸ್ಥಾನ. ಅಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮೆಥೊಡಿಸ್ಟರು. ಹೀಗೆ ಒಬ್ಬ ಬಡ ಒಕ್ಕಲಿಗನು ಕ್ರಿಸ್ತನನ್ನು ನಂಬಿದರೆ, ಆತನು ಯಾವ ಪಂಗಡದ ಕ್ರೈಸ್ತನಾಗುವನೆಂಬುದನ್ನು ನಿರ್ಣಯಿಸುತ್ತಿದ್ದುದು ಆತನ ಮನಸ್ಸಲ್ಲ. ಆತನ ಹೊಲ ಹೊಳೆಯ ಯಾವ ದಂಡೆಯ ಮೇಲಿದೆ ಎಂಬುದು. ಒಂದೇ ಭಾಷೆ, ಒಂದೇ ಬೈಬಲು, ಒಂದೇ ರೊಟ್ಟಿ. ಆದರೆ ಒಬ್ಬನು ಲಂಡನ್ನಿನವನು, ಇನ್ನೊಬ್ಬನು ಬಾಸೆಲಿನವನು, ಮತ್ತೊಬ್ಬನು ವೆಸ್ಲಿಯವನು!

ಕನ್ನಡ ನಾಡನ್ನು ಸರಕಾರಗಳು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದುಗಳೆಂದು ಹಂಚಿಕೊಂಡಂತೆಯೇ ಮಿಶನ್ನುಗಳೂ ಕನ್ನಡ ಕ್ರೈಸ್ತರನ್ನು ಹಂಚಿಕೊಂಡವು. ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ಕಾಲಿಡಬಾರದೆಂಬ ಈ ಒಪ್ಪಂದಕ್ಕೆ ಅವರು ಸೌಜನ್ಯವೆಂದು ಹೆಸರಿಟ್ಟಿದ್ದರು. ವ್ಯರ್ಥ ಪೈಪೋಟಿಯನ್ನು ಅದು ತಪ್ಪಿಸಿತೆಂಬುದು ನಿಜ. ಆದರೆ ಹಂಚಿಕೆಯಾದವರನ್ನು ಯಾರೂ ಕೇಳಿರಲಿಲ್ಲ.

ಹಾಗೆಂದು ಆ ಮಿಶನ್ನುಗಳು ಪರಸ್ಪರ ವೈರಿಗಳಾಗಿದ್ದುವೆಂದು ಹೇಳಲಾಗದು. ನಮ್ಮ ಪತ್ರಿಕಾವೃತ್ತಿಯೇ ಇದಕ್ಕೆ ಸಾಕ್ಷಿ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಶನ್ನಿನ ಮೊಗ್ಲಿಂಗನು 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದನು. ಅಚ್ಚಿನ ಮೊಳೆಗಳ ಅನುಕೂಲವು ಬಳ್ಳಾರಿಯ ಲಂಡನ್ ಮಿಶನ್ನಿನವರಲ್ಲಿ ಇದ್ದುದರಿಂದ, ಮರುವರ್ಷವೇ ಅದು ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಳೆಯಿತು. ಕನ್ನಡ ಬೈಬಲಿನ ಮಾತೂ ಹೀಗೆಯೇ. ಮೊದಲ ಭಾಷಾಂತರದ ಶ್ರಮವು ಬಳ್ಳಾರಿಯ ಹ್ಯಾಂಡ್ಸನದು. ಮುಂದಿನ ಪರಿಷ್ಕರಣದಲ್ಲಿ ಬೇರೆ ಬೇರೆ ಮಿಶನ್ನುಗಳ ಪಂಡಿತರು ಒಂದೇ ಮೇಜಿನ ಸುತ್ತ ಕುಳಿತರು. ಪುಸ್ತಕವೊಂದನ್ನು ಕೂಡಿ ಮಾಡಬಲ್ಲವರು ಪಂಕ್ತಿಯಲ್ಲಿ ಮಾತ್ರ ಕೂಡಲಾರದೆ ಹೋದರು. ಕಾರಣವೇನೆಂದರೆ, ಅವರ ಭೇದದ ಬೇರುಗಳು ಇಂಗ್ಲೆಂಡು, ಸ್ಕಾಟ್ಲೆಂಡು, ಜರ್ಮನಿಗಳ ಹಳೆಯ ರಾಜಕಾರಣದಲ್ಲಿದ್ದವು. ಬಿಷಪರು ಇರಬೇಕೋ ಬೇಡವೋ ಎಂದು ಇಂಗ್ಲೆಂಡಿನ ರಾಜರೂ ಪ್ರಜೆಗಳೂ ಹದಿನೇಳನೆಯ ಶತಮಾನದಲ್ಲಿ ಕಾದಾಡಿದ್ದಕ್ಕೆ ಬೆಟಗೇರಿಯ ನೇಕಾರನು ಏಕೆ ಉತ್ತರ ಕೊಡಬೇಕು?

ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದವರು ಭಾರತೀಯರು. 1908ರಲ್ಲಿಯೇ ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರೆಗೇಷನಲ್ ಪಂಗಡಗಳು ಕೂಡಿ ದಕ್ಷಿಣ ಭಾರತದ ಐಕ್ಯಸಭೆಯಾಗಿದ್ದವು. ಲಂಡನ್ ಮಿಶನ್ನಿನ ಸಭೆಗಳು ಅದರಲ್ಲಿದ್ದವು. ಆದರೆ ಬಿಷಪರುಳ್ಳ ಆಂಗ್ಲಿಕನ್ನರೂ ಬಿಷಪರಿಲ್ಲದ ಇತರರೂ ಕೂಡುವುದೆಂದರೆ ಎಣ್ಣೆ ನೀರುಗಳನ್ನು ಕೂಡಿಸಿದಂತೆಯೇ ಎಂದು ಎಲ್ಲರೂ ಭಾವಿಸಿದ್ದರು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಕೆಲವು ಸಭಾಪಾಲಕರು ಕಲೆತರು. ಒಬ್ಬಿಬ್ಬರು ಹೊರತು ಅವರೆಲ್ಲರೂ ಭಾರತೀಯರು. ಅವರ ಮುಂದಾಳು ಆಂಗ್ಲಿಕನ್ನರ ಪ್ರಥಮ ಭಾರತೀಯ ಬಿಷಪರಾದ ವೇದನಾಯಗಂ ಸ್ಯಾಮುಯೆಲ್ ಅಜರಯ್ಯನವರು. ಈ ಭೇದಗಳನ್ನು ನಾವು ಹುಟ್ಟಿಸಿದವರಲ್ಲ, ನಮ್ಮ ಮೇಲೆ ಹೇರಲ್ಪಟ್ಟವು, ಎಂಬ ಭಾವದ ಹೇಳಿಕೆಯನ್ನು ಅವರು ಹೊರಡಿಸಿದರು. ಜಲಿಯನ್‌ವಾಲಾ ಬಾಗಿನ ರಕ್ತವು ಒಣಗುವುದಕ್ಕೆ ಮುಂಚೆಯೇ ಈ ಮಾತು ಹೊರಟಿತೆಂಬುದನ್ನು ವಾಚಕರು ಗಮನಿಸಬೇಕು. ಕ್ರೈಸ್ತರು ರಾಷ್ಟ್ರಭಾವನೆಯಿಂದ ದೂರವೇ ಉಳಿದರೆಂದು ಸುಲಭವಾಗಿ ಹೇಳಿಬಿಡುವವರು ಈ ತರಂಗಂಬಾಡಿಯ ಕೂಟವನ್ನು ಮರೆತಿದ್ದಾರೆ.

ಅಲ್ಲಿಂದ ಇಪ್ಪತ್ತೆಂಟು ವರ್ಷ ಚರ್ಚೆ ನಡೆಯಿತು. ಗಂಟು ಬಿದ್ದದ್ದು ಒಂದೇ ಕಡೆ: ಬಿಷಪರ ಹಸ್ತದಿಂದ ದೀಕ್ಷೆ ಪಡೆಯದವನು ಸಭಾಪಾಲಕನು ಹೌದೋ ಅಲ್ಲವೋ? ಅಲ್ಲವೆಂದರೆ ಲಂಡನ್ ಮಿಶನ್ನಿನ, ವೆಸ್ಲಿಯ ವೃದ್ಧ ಉಪದೇಶಕರೆಲ್ಲ ಅಷ್ಟು ಕಾಲ ಮಾಡಿದ ಸೇವೆ ಸುಳ್ಳಾಗುತ್ತದೆ. ಹೌದೆಂದರೆ ಆಂಗ್ಲಿಕನ್ನರ ಸಂಪ್ರದಾಯದ ಬುಡವೇ ಅಲುಗುತ್ತದೆ. ಕಡೆಗೆ ಒಪ್ಪಿದ ಮಾರ್ಗವು ನಮ್ಮ ದೃಷ್ಟಿಯಲ್ಲಿ ಬಹಳ ವಿವೇಕದ್ದು. ಇದ್ದವರೆಲ್ಲರೂ ಇದ್ದ ಹಾಗೆಯೇ ಮಾನ್ಯರು, ಯಾರಿಗೂ ಎರಡನೆಯ ಸಲ ದೀಕ್ಷೆಯಿಲ್ಲ. ಇನ್ನು ಮುಂದೆ ಬರುವವರೆಲ್ಲರೂ ಬಿಷಪರಿಂದಲೇ ದೀಕ್ಷಿತರು. ಹೀಗೆ ಮೂವತ್ತು ವರ್ಷ ನಡೆದ ಮೇಲೆ ಉಳಿದದ್ದನ್ನು ವಿಚಾರಿಸತಕ್ಕದ್ದು. ಅದರ ಜೊತೆಗೆ, ಯಾವ ಸಭೆಯ ಮೇಲೂ ಅದಕ್ಕೆ ಒಗ್ಗದ ಆರಾಧನಾಕ್ರಮವನ್ನಾಗಲಿ ಅದರ ಮನಸ್ಸಾಕ್ಷಿಗೆ ಒಪ್ಪದ ಸಭಾಪಾಲಕನನ್ನಾಗಲಿ ಹೇರುವುದಿಲ್ಲವೆಂಬ ಮಾತನ್ನೂ ಕೊಟ್ಟರು. ಕಾಲವೇ ಬಿಡಿಸಬಲ್ಲ ಗಂಟನ್ನು ಕತ್ತರಿಯಿಂದ ಬಿಡಿಸಲು ಹೋಗಲಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆ ಕೋಲಾಹಲವೆದ್ದಿತು. ಪ್ರಸಿದ್ಧ ಕವಿ ಟಿ. ಎಸ್. ಎಲಿಯಟ್ ಮಹಾಶಯರು 1943ರಲ್ಲಿ ಈ ಯೋಜನೆಯನ್ನು ಖಂಡಿಸಿ ಒಂದು ಚಿಕ್ಕ ಪುಸ್ತಕವನ್ನೇ ಬರೆದರು. ಇದು ಕೂಡುವುದಲ್ಲ, ಕೆಡವುವುದು ಎಂಬುದು ಅವರ ಆಕ್ಷೇಪ. ದಕ್ಷಿಣ ಭಾರತದ ಹಳ್ಳಿಗಳ ಸಭೆಗಳು ಹೇಗೆ ಕೂಡಬೇಕೆಂಬುದು ಲಂಡನ್ನಿನ ಕವಿಗಳ ಚಿಂತೆಗೆ ವಿಷಯವಾದುದು ಆ ಕಾಲದ ಒಂದು ವಿನೋದವೆನ್ನಬೇಕು. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು; ಏಕೀಕರಣವನ್ನು ಕಣ್ಣಾರೆ ಕಾಣಲಿಲ್ಲ. ಸ್ವಾತಂತ್ರ್ಯ ಬಂದ 43 ದಿನಗಳ ಮೇಲೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಮಹಾದೇವಾಲಯದಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಬಿಷಪರ ಪಂಗಡವೂ ಬಿಷಪರಿಲ್ಲದ ಪಂಗಡಗಳೂ ಹೀಗೆ ಒಂದೇ ಸಭೆಯಾದುದನ್ನು ಯುರೋಪಿನ ಕ್ರೈಸ್ತರು ಆಶ್ಚರ್ಯದಿಂದ ನೋಡಿದರು. ಉತ್ತರ ಭಾರತದವರು ಹೀಗೆ ಕೂಡುವುದಕ್ಕೆ 1970 ಬರಬೇಕಾಯಿತು.

ಎಲ್ಲರೂ ಒಳಗೆ ಬರಲಿಲ್ಲ. ಬಳ್ಳಾರಿಯಿಂದ ಪೂರ್ವಕ್ಕೆ, ಕರ್ನೂಲಿನ ಆಚೆ, ನಂದ್ಯಾಲದ ಆಂಗ್ಲಿಕನ್ ಸಭೆಗಳಲ್ಲಿ ಬಹುಭಾಗವು ಕೂಡಲೊಲ್ಲೆವೆಂದು ಹೊರಗೇ ನಿಂತಿತು. ಕನ್ನಡದ ಬಾಸೆಲ್ ಸಭೆಗಳೂ ಆ ದಿನ ಸೇರಲಿಲ್ಲ. ಮುಂದೆ ಅವು ತಮ್ಮ ತಮ್ಮ ಹೊತ್ತಿಗೆ ಒಳಬಂದವು. ಬೀದರ, ಕಲಬುರಗಿ, ರಾಯಚೂರುಗಳ ಅಮೇರಿಕನ್ ಮೆಥೊಡಿಸ್ಟರು ಇಂದಿಗೂ ಬೇರೆಯೇ ಇದ್ದಾರೆ. ಹೊರಗುಳಿದವರನ್ನು ಯಾರೂ ದಂಡಿಸಲಿಲ್ಲ. ನಂದ್ಯಾಲದವರು 1970ರ ದಶಕದಲ್ಲಿ ತಾವಾಗಿ ಬಂದರು. ದಕ್ಷಿಣ ಭಾರತ ಸಭೆಯ ಪ್ರಥಮ ಮಹಿಳಾ ಬಿಷಪರಾದ ಪುಷ್ಪಲಲಿತ ಅವರು 2013ರಲ್ಲಿ ಪೀಠವೇರಿದ್ದು ಅದೇ ನಂದ್ಯಾಲದಲ್ಲಿ. ತಡವಾಗಿ ಬಂದವರು ಹಿಂದೆಯೇ ಉಳಿಯುವರೆಂಬ ನಿಯಮವೇನೂ ಇಲ್ಲ.

ಇದನ್ನು ಹರಪನಹಳ್ಳಿಯ ಕಥೆಯೊಡನೆ ಹೋಲಿಸಿ ನೋಡಿದರೆ ನಮ್ಮ ಅಭಿಪ್ರಾಯವು ಸ್ಪಷ್ಟವಾಗುತ್ತದೆ. ಆ ತಾಲ್ಲೂಕನ್ನು 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಅಂಟಿಸಿದರು. 371ಜೆ ವಿಧಿಯ ಸೌಲಭ್ಯಗಳು ತಪ್ಪಿಹೋದುವೆಂದು ಜನರು ಹೋರಾಡಿದ ಮೇಲೆ 2018ರಲ್ಲಿ ಮರಳಿ ಬಳ್ಳಾರಿಗೆ ತಂದರು. ಮೂರು ವರ್ಷ ಕಳೆಯುವಷ್ಟರಲ್ಲಿ, 2021ರಲ್ಲಿ, ಅದು ವಿಜಯನಗರ ಜಿಲ್ಲೆಗೆ ಸೇರಿತು. ತಾಲ್ಲೂಕು ಇದ್ದಲ್ಲಿಯೇ ಇತ್ತು. ದಫ್ತರಗಳ ಹಿಂದೆ ಅಲೆದವರು ಜನ. ಮೇಲಿನಿಂದ ಬರೆದು ಕೂಡಿಸುವುದಕ್ಕೆ ಒಂದು ದಿನ ಸಾಕು. ಇಪ್ಪತ್ತೆಂಟು ವರ್ಷ ಕುಳಿತು ಮಾತಾಡುವುದಕ್ಕೆ ತಾಳ್ಮೆ ಬೇಕು. ಆ ತಾಳ್ಮೆಗಾಗಿ ನಾವು ದಕ್ಷಿಣ ಭಾರತ ಸಭೆಯ ಹಿರಿಯರನ್ನು ಮನಃಪೂರ್ವಕವಾಗಿ ಪ್ರಶಂಸಿಸುತ್ತೇವೆ.

ಪ್ರಶಂಸೆ ಇಲ್ಲಿಗೆ ನಿಲ್ಲಬೇಕು. ಮನಸ್ಸಾಕ್ಷಿಯ ವಿಷಯದಲ್ಲಿ ತೋರಿದ ಸೂಕ್ಷ್ಮತೆಯನ್ನು ಆ ಹಿರಿಯರು ಆಸ್ತಿಯ ವಿಷಯದಲ್ಲಿ ತೋರಲಿಲ್ಲ. ಏಕೀಕರಣದ ಹೊತ್ತಿಗೇ, 1947ರಲ್ಲಿ, ಕಂಪನಿ ಕಾಯಿದೆಯ ಮೇರೆಗೆ ಒಂದು ಟ್ರಸ್ಟ್ ಸಂಘವು ರಿಜಿಸ್ಟರಾಯಿತು. ಮಿಶನ್ನುಗಳ ದೇವಾಲಯ, ಶಾಲೆ, ಆಸ್ಪತ್ರೆ, ಬಂಗಲೆ, ಸ್ಮಶಾನಗಳು ಕಾಲಕ್ರಮದಲ್ಲಿ ಅದರ ಹೆಸರಿಗೆ ಬರತೊಡಗಿದವು. ಅದರ ಮುಖ್ಯ ಕಚೇರಿ ಚೆನ್ನೈಯಲ್ಲಿದೆ. ಹಾಗಾದರೆ ಆದದ್ದೇನು? ಆಸ್ತಿಯ ಒಡೆತನವು ಲಂಡನ್ನನ್ನು ಬಿಟ್ಟು ಹೊರಟಿತು. ಮದರಾಸಿನವರೆಗೆ ಬಂದು ಅಲ್ಲಿಯೇ ನಿಂತಿತು. ಊರಿನ ಸಭೆಯವರೆಗೆ ಬರಲಿಲ್ಲ. ಒಂದು ಪೇಟೆಯ ಮಧ್ಯದಲ್ಲಿರುವ ಹಳೆಯ ಮಿಶನ್ ಬಯಲಿಗೆ ಇಂದು ಬಂದಿರುವ ಬೆಲೆಯನ್ನು ನೆನೆದರೆ, ಈ ಒಂದು ಸಂಗತಿಯಿಂದ ಎಷ್ಟು ವ್ಯಾಜ್ಯಗಳು ಹುಟ್ಟಬಹುದೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಆಸ್ತಿಯ ಮಾರಾಟ, ಗುತ್ತಿಗೆಗಳ ಬಗ್ಗೆ ದೂರುಗಳೆದ್ದಿವೆ. ಸಿನಡ್ ಎಂಬ ಮಹಾಸಭೆಯ ಚುನಾವಣೆಯ ತಕರಾರುಗಳು ಈಚಿನ ವರ್ಷಗಳಲ್ಲಿ ಮದರಾಸು ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಮುಟ್ಟಿವೆ. ದೀಕ್ಷೆಯ ಗಂಟನ್ನು ಹಿರಿಯರು ತಾವೇ ಬಿಡಿಸಿಕೊಂಡರು. ಜಮೀನಿನ ಗಂಟಿಗೆ ವಕೀಲರು ಬೇಕಾದರು.

ಇದಕ್ಕೆ ಪ್ರತಿವಾದವುಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆಸ್ತಿಯು ಊರವರ ಹೆಸರಿನಲ್ಲಿದ್ದರೆ ಊರಿನ ನಾಲ್ವರು ಪ್ರಬಲರು ಅದನ್ನು ಎಂದೋ ತಿಂದು ತೇಗುತ್ತಿದ್ದರು, ದೂರದ ಟ್ರಸ್ಟು ಇದ್ದುದರಿಂದಲೇ ಎಷ್ಟೋ ಶಾಲೆ ಆಸ್ಪತ್ರೆಗಳು ಉಳಿದವು, ಎಂದು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ದೇವಸ್ಥಾನದ ಇನಾಂ ಭೂಮಿಗಳು ಎಲ್ಲಿ ಹೋದುವೆಂಬುದನ್ನು ಕಂಡ ನಾವು ಸ್ಥಳೀಯರೆಲ್ಲರೂ ಧರ್ಮರಾಯರೆಂದು ವಾದಿಸುವವರಲ್ಲ. ಆದರೆ ದೂರದಲ್ಲಿರುವುದೇ ಪ್ರಾಮಾಣಿಕತೆಯ ಗುರುತೂ ಅಲ್ಲ. ಒಡೆತನ ಬೇಕಾದರೆ ಚೆನ್ನೈಯಲ್ಲಿರಲಿ. ಆ ಮನೆಯಲ್ಲಿ ಕೂಡುವ ಜನರ ಸಮ್ಮತಿಯಿಲ್ಲದೆ ಅದರ ಒಂದು ಇಟ್ಟಿಗೆಯೂ ಪರಭಾರೆಯಾಗಕೂಡದು. ಒಪ್ಪದ ಸಭಾಪಾಲಕನನ್ನು ಹೇರುವುದಿಲ್ಲವೆಂದು 1947ರಲ್ಲಿ ಕೊಟ್ಟ ಮಾತನ್ನು ಒಪ್ಪದ ಮಾರಾಟಕ್ಕೂ ವಿಸ್ತರಿಸಬೇಕೆಂಬುದೇ ನಮ್ಮ ಮುಖ್ಯವಾದ ಸಲಹೆ.

ಇನ್ನು ಸಣ್ಣ ಸಭೆಗಳ ಮಾತು. ಹಳ್ಳಿಯ ಜನರು ದುಡಿಮೆಗಾಗಿ ಬೆಂಗಳೂರಿನ ಹಾದಿ ಹಿಡಿಯುತ್ತಿರುವ ಈ ದಿನಗಳಲ್ಲಿ, ಹತ್ತಿಪ್ಪತ್ತು ಮನೆಗಳ ಸಭೆಯೊಂದು ತನ್ನದೇ ಸಭಾಪಾಲಕನನ್ನು ಸಾಕುವುದು ಕಷ್ಟ. ಒಬ್ಬ ಸಭಾಪಾಲಕರು ನಾಲ್ಕಾರು ಊರುಗಳನ್ನು ಸುತ್ತುವ ಪದ್ಧತಿ ಮೊದಲಿನಿಂದಲೂ ಉಂಟು; ಅಂಥ ಎರಡು ಸಭೆಗಳು ಲೆಕ್ಕವನ್ನೂ ಆಡಳಿತವನ್ನೂ ಒಂದುಮಾಡಿಕೊಂಡು, ಎರಡೂ ದೇವಾಲಯಗಳನ್ನು ತೆರೆದಿಟ್ಟುಕೊಳ್ಳುವುದಾದರೆ ಆಕ್ಷೇಪಿಸಲು ಕಾರಣವಿಲ್ಲ. ಆದರೆ ಕೂಡುವ ಮೊದಲು ಎರಡೂ ಕಡೆಯ ಸಾಲ ಸೋಲಗಳನ್ನು ಸಭೆಯ ಎದುರಿಗೆ ಓದಿ ಹೇಳಬೇಕು. ಕರಾರಿನ ಕಾಗದವು ಕನ್ನಡದಲ್ಲಿರಬೇಕು. ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಾಲವು ಮುಗಿದಿದೆಯೆಂದು ಭಾವಿಸುತ್ತೇವೆ. ಗಂಡಸರಷ್ಟೇ ಅಲ್ಲ, ಭಾನುವಾರ ತಪ್ಪದೆ ಬರುವ ಹೆಂಗಸರೂ ಕೈಯೆತ್ತಬೇಕು. ಸ್ಮಶಾನದ ಪ್ರಶ್ನೆಯನ್ನು ಮೊದಲೇ ತೀರಿಸಿಕೊಳ್ಳಬೇಕು. ಒಂದು ಪಂಕ್ತಿಯಲ್ಲಿ ಉಂಡು ಎರಡು ಹೊಲಗಳಲ್ಲಿ ಹೂಳುವುದಾದರೆ ಅದು ಏಕೀಕರಣವಲ್ಲ. ಚಿಕ್ಕ ಸಭೆಗೆ ಮೊದಲ ಐದು ವರ್ಷಗಳಲ್ಲಿ ಬೇರೆಯಾಗುವ ಹಕ್ಕು ಇರಬೇಕು. ಅಗಲಲು ಬಾಗಿಲು ತೆರೆದಿದ್ದರೆ ಉಳಿಯಲು ಧೈರ್ಯ ಬರುತ್ತದೆ.

ನಮ್ಮ ಅಧಿಕಾರಿವರ್ಗಕ್ಕೂ ಒಂದು ಮಾತು. ಉಪನೋಂದಣಾಧಿಕಾರಿಗಳ ಮುಂದೆ ಮಿಶನ್ ಜಮೀನಿನ ಕ್ರಯಪತ್ರವಾಗಲಿ ದೀರ್ಘ ಗುತ್ತಿಗೆಯ ಪತ್ರವಾಗಲಿ ಬಂದಾಗ, ಅಧಿಕಾರಪತ್ರವನ್ನು ತಂದವರು ಯಾರೆಂದು ನೋಡಿದರೆ ಸಾಲದು. ಆ ಊರಿನ ಸಭೆಯ ನಿರ್ಣಯವೆಲ್ಲಿ, ಅದು ಯಾವ ದಿನ ಆಯಿತು, ಎಷ್ಟು ಮಂದಿ ಸೇರಿದ್ದರು ಎಂಬುದನ್ನು ದಾಖಲೆಗೆ ಸೇರಿಸಬೇಕೆಂದು ಸರಕಾರವು ನಿಯಮಮಾಡುವುದು ಯುಕ್ತ. ತಹಶೀಲ್ದಾರರು ತಮ್ಮ ತಾಲ್ಲೂಕಿನ ಪಹಣಿಗಳಲ್ಲಿ ಇನ್ನೂ ಹಳೆಯ ಮಿಶನ್ನುಗಳ ಹೆಸರಿನಲ್ಲೇ ಉಳಿದಿರುವ ಸರ್ವೆ ನಂಬರುಗಳಿದ್ದರೆ ಅವುಗಳ ಪಟ್ಟಿಯನ್ನು ತಯಾರಿಸಿ ಪ್ರಕಟಿಸಲಿ. ವಿಜಯನಗರ ಜಿಲ್ಲೆಯಿಂದಲೇ ಈ ಕೆಲಸವು ಮೊದಲಾಗಬಹುದು.